ಹೆದ್ದಾರಿಯೂ ಹೊಲದ ನೀರೂ ಮಣ್ಣೂ

(ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಿಡುವಳಿದಾರರ ಮುಂದೆ ಮಾಡಿದ ಭಾಷಣ)



ಒಳ್ಳೆಯ ರಸ್ತೆಯು ಒಕ್ಕಲುತನಕ್ಕೆ ದೊಡ್ಡ ಸಹಾಯವೆಂಬುದರಲ್ಲಿ ಸಂಶಯವಿಲ್ಲ. ಬೈಲಹೊಂಗಲದ ಪೇಟೆಗೆ ಹತ್ತಿಯನ್ನೂ ಕಡಲೆಯನ್ನೂ ಸಾಗಿಸುವವನು ಎರೆಯ ಕೆಸರಿನಲ್ಲಿ ಗಾಲಿ ಹೂತ ಬಂಡಿಯ ಕಷ್ಟವನ್ನು ಬಲ್ಲನು. ಪುಣೆ-ಬೆಂಗಳೂರು ಹೆದ್ದಾರಿಯು ಕಿತ್ತೂರಿನ ಮಗ್ಗುಲಲ್ಲಿಯೇ ಹಾಯ್ದಿದೆ. ಬೆಳಗಾವಿಯಿಂದ ಹುನಗುಂದ, ರಾಯಚೂರುಗಳ ಕಡೆಗೆ 748ಎ ಸಂಖ್ಯೆಯ ಹೆದ್ದಾರಿಯ ಕೆಲಸವನ್ನೂ ಕೈಕೊಳ್ಳಲಾಗಿದೆ. ಆದರೆ ಹೆದ್ದಾರಿಯು ಬರುವಾಗ ಹೊಲದ ನೀರಿನ ದಾರಿಯನ್ನು ಬದಲಿಸಿಯೇ ಬರುತ್ತದೆ. ಆ ಬದಲಾವಣೆಯು ಹಿತವೋ ಅಹಿತವೋ ಎಂಬುದು ಏರಿ ಕಟ್ಟುವ ಮೊದಲೇ ನಿಶ್ಚಯವಾಗುವದು. ಕಟ್ಟಿದ ಮೇಲೆ ಅಲ್ಲ.

ನೀರಿನ ದಾರಿ

ಈ ನಾಲ್ಕು ತಾಲೂಕುಗಳಲ್ಲಿ ಪಡುವಣದ ಕಿತ್ತೂರಿನಿಂದ ಮೂಡಣದ ರಾಮದುರ್ಗದ ಕಡೆಗೆ ಹೋದಂತೆ ಮಳೆಯು ಕಡಿಮೆಯಾಗುತ್ತದೆ. ಬೈಲಹೊಂಗಲ, ಸವದತ್ತಿಗಳ ಬಯಲು ಬಹುಮಟ್ಟಿಗೆ ಎರೆಯ ಭೂಮಿ. ಎರೆಯು ಬೇಸಿಗೆಯಲ್ಲಿ ಬಿರಿಯುತ್ತದೆ. ಮೊದಲ ಮಳೆಯ ನೀರು ಬಿರುಕಿನಲ್ಲಿ ಬೇಗನೆ ಇಳಿಯುತ್ತದೆ. ನೆನೆದ ಮೇಲೆ ಮಣ್ಣು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಆಮೇಲೆ ಬಿದ್ದ ನೀರು ಒಳಗೆ ಇಳಿಯದೆ ಮೇಲೆಯೇ ಹರಿಯತೊಡಗುವದು.

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರು ನೀರಾಗುತ್ತದೆ. ಇಳಿಜಾರಿನ 100 ಎಕರೆಯ ನೀರಿನಲ್ಲಿ ಮೂರನೆಯ ಒಂದು ಪಾಲು ಹರಿದರೂ 34 ಲಕ್ಷ ಲೀಟರು. ಮೊದಲು ಈ ನೀರು ಹತ್ತಾರು ಬದುಗಳ ಮೇಲೆ ಹಂಚಿಕೊಂಡು ಇಳಿಯುತ್ತಿತ್ತು. ಏರಿ ಬಂದ ಮೇಲೆ ಎಲ್ಲವೂ ಒಂದೇ ಮೋರಿಯ ಬಾಯಿಗೆ ಬಂದು ನಿಲ್ಲುತ್ತದೆ. ಆಗ ಏರಿಯ ಮೇಲ್ಭಾಗದ ಹೊಲದಲ್ಲಿ ನೀರು ನಿಂತು ಬೇರು ಕೊಳೆಯುವದು, ಹಿಂಗಾರಿ ಬಿತ್ತಿಗೆಯು ತಡವಾಗುವದು. ಮೋರಿಯ ಕೆಳಗಿನ ಹೊಲದಲ್ಲಿ ನೀರು ರಭಸದಿಂದ ನುಗ್ಗಿ ಕೊರಕಲು ತೋಡುವದು. ನೀರು ತಪ್ಪಿದ ಮಗ್ಗುಲ ಹೊಲಗಳ ಬಾವಿಗೆ ಒರತೆ ಕಡಿಮೆಯಾಗುವದು. ಮುಂಬಯಿ ಪ್ರಾಂತದ 1942ರ ಭೂಸುಧಾರಣಾ ಕಾಯಿದೆಯ ಕಾಲದಿಂದ ಈ ಸೀಮೆಯಲ್ಲಿ ಸಮಪಾತಳಿಯ ಒಡ್ಡುಗಳನ್ನು ಹಾಕುತ್ತ ಬರಲಾಗಿದೆ. ಒಂದು ಒಡ್ಡನ್ನು ಕಡಿದು ಬಿಟ್ಟರೆ ಅದರ ಕೆಳಗಿನ ಒಡ್ಡುಗಳೂ ಸಾಲಾಗಿ ಒಡೆಯುವವು.

2019ರ ಆಗಸ್ಟ ತಿಂಗಳಲ್ಲಿ ಮಲಪ್ರಭೆಯ ನೀರು ರಾಮದುರ್ಗಕ್ಕೆ ನುಗ್ಗಿದ್ದನ್ನು ಜನರು ಮರೆತಿಲ್ಲ. ಮೋರಿಯ ಅಳತೆಯನ್ನು ಅಂಥ ವರ್ಷದ ನೀರಿಗೆ ಹಿಡಿಯಬೇಕಲ್ಲದೆ ಸಾಧಾರಣ ವರ್ಷದ ನೀರಿಗೆ ಅಲ್ಲ.

ಮೇಲ್ಮಣ್ಣು

ಒಂದು ಅಂಗುಲ ಮೇಲ್ಮಣ್ಣು ಆಗುವದಕ್ಕೆ ನೂರಾರು ವರ್ಷ ಬೇಕು. 60 ಮೀಟರು ಅಗಲದ ರಸ್ತೆಯ ಪಟ್ಟಿಗೆ ಕಿಲೋಮೀಟರಿಗೆ ಸುಮಾರು 15 ಎಕರೆ ಭೂಮಿ ಹೋಗುತ್ತದೆ. ಅದರ ಮೇಲಿನ 15 ಸೆಂಟಿಮೀಟರು ಮಣ್ಣೆಂದರೆ 9,000 ಘನಮೀಟರು. ಟ್ರ್ಯಾಕ್ಟರಿನ ಟ್ರೇಲಿಗೆ 3 ಘನಮೀಟರಿನಂತೆ 3,000 ಟ್ರೇಲಿಗಳು. ಹೆದ್ದಾರಿ ಇಲಾಖೆಯ ಕಾಮಗಾರಿ ನಿಯಮಗಳಲ್ಲಿಯೇ, ಈ ಮಣ್ಣನ್ನು 15 ಸೆಂಟಿಮೀಟರಿನ ವರೆಗೆ ಕೆರೆದು, 2 ಮೀಟರಿಗಿಂತ ಎತ್ತರವಾಗದ ರಾಶಿಗಳಲ್ಲಿ ಕಾದಿಟ್ಟು, ತಿರುಗಿ ಹರಡುವ ಕ್ರಮವನ್ನು ಹೇಳಿದೆ. ಇದನ್ನು ಕೇಳುವವರಿಲ್ಲದಿದ್ದರೆ ಮಣ್ಣು ಏರಿಯ ಅಡಿಯಲ್ಲಿ ಹೂತುಹೋಗುವದು, ಇಲ್ಲವೆ ಹಳ್ಳ ಹಿಡಿದು ನವಿಲುತೀರ್ಥದ ಜಲಾಶಯದಲ್ಲಿ ಹೂಳಾಗುವದು.

ಏರಿಗೆ ಬೇಕಾದ ಮಣ್ಣು

ಉಬ್ಬುವ, ಬಿರಿಯುವ ಎರೆಯು ಏರಿಗೆ ತಕ್ಕದ್ದಲ್ಲ. ಅದಕ್ಕೆ ಗರಸು ಬೇಕು. ಮೇಲೆ 30 ಮೀಟರು ಅಗಲವೂ 2 ಮೀಟರು ಎತ್ತರವೂ ಉಳ್ಳ ಇಳಿಜಾರು ಮಗ್ಗುಲಿನ ಏರಿಗೆ ಕಿಲೋಮೀಟರಿಗೆ 68,000 ಘನಮೀಟರು ಮಣ್ಣು ಹಿಡಿಯುತ್ತದೆ. ಕೈಗೆ ಬಂದ ಹಣದ ಆಸೆಗೆ ಮಸಾರಿ ಹೊಲವನ್ನು ತೋಡಲು ಕೊಟ್ಟವನಿಗೆ ಮರುವರ್ಷ ಉಳಿಯುವದು ಕುಣಿಯೊಂದೇ. 2022ರಲ್ಲಿ ಆರಂಭವಾದ ಅಮೃತ ಸರೋವರ ಯೋಜನೆಯ ಒಂದು ಕೆರೆಯ ಅಳತೆ ಸುಮಾರು 10,000 ಘನಮೀಟರು. ಅಂದರೆ ಒಂದು ಕಿಲೋಮೀಟರು ಏರಿಯ ಮಣ್ಣಿನಲ್ಲಿ ಹೆಚ್ಚುಕಡಿಮೆ ಏಳು ಕೆರೆಗಳು ಅಡಗಿವೆ. ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ ಕೆರೆ ಹಳ್ಳಗಳನ್ನು ಆಳ ಮಾಡಿ ಆ ಮಣ್ಣನ್ನೇ ಹೆದ್ದಾರಿಗೆ ಹಾಕಿದರು. ಇಲ್ಲಿಯೂ ಕೆರೆಯ ಮೇಲಿನ ಹೂಳು ಹೊಲಕ್ಕೂ ಕೆಳಗಿನ ಗರಸು ರಸ್ತೆಗೂ ಹೋದರೆ ಇಬ್ಬರಿಗೂ ಲಾಭ.

ಗ್ರಾಮದವರು ಮಾಡತಕ್ಕದ್ದು

1. ಊರಿನ ಹಿರಿಯರು ಮಳೆಯ ದಿವಸ ಹೊಲಗಳಲ್ಲಿ ತಿರುಗಾಡಿ, ಹಳ್ಳ, ಒಡ್ಡು, ಬಾವಿಗಳನ್ನೂ ದೊಡ್ಡ ಮಳೆಯ ನೀರು ಮುಟ್ಟಿದ ಗುರುತುಗಳನ್ನೂ ಗ್ರಾಮದ ನಕ್ಷೆಯಲ್ಲಿ ಬರೆಯಿಸಬೇಕು.

2. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ, ಭೂಮಿಯನ್ನು ತೆಗೆದುಕೊಳ್ಳುವ ಪ್ರಕಟಣೆಯು ಸರಕಾರಿ ಗ್ಯಾಜೆಟ್ಟಿನಲ್ಲಿ ಬಂದ ದಿವಸದಿಂದ 21 ದಿವಸಗಳೊಳಗೆ ತಕರಾರನ್ನು ಬರಹದಲ್ಲಿ ಸಲ್ಲಿಸಬೇಕು. ಅದರ ಸಾರಾಂಶವು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಅರ್ಜಿಯ ಸಂಗಡ ನಕ್ಷೆಯ ಪ್ರತಿಯನ್ನು ಕೊಟ್ಟು ಪೋಚು ಪಡೆಯತಕ್ಕದ್ದು.

3. ಹೊಲವು ರಸ್ತೆಯಿಂದ ಎರಡು ತುಂಡಾದರೆ ಆ ಹಾನಿಯನ್ನೂ ಪರಿಹಾರದ ಲೆಕ್ಕದಲ್ಲಿ ಹಿಡಿಯಬೇಕೆಂದು ಅದೇ ಕಾಯಿದೆಯಲ್ಲಿದೆ. ಭೂಮಿಯ ಬೆಲೆಯನ್ನಷ್ಟೇ ಕೇಳಿ ಸುಮ್ಮನಾಗಬಾರದು.

4. ನೀರಾವರಿಯ ಕೊಳವೆ ದಾಟಿಸಲು ಏರಿಯ ಅಡಿಯಲ್ಲಿ ದಾರಿಯನ್ನೂ, ಬಂಡಿ ದನಗಳಿಗೆ ಕೆಳಸೇತುವೆಯನ್ನೂ ಕೆಲಸ ನಡೆದಿರುವಾಗಲೇ ಬೇಡಬೇಕು.

5. ಮೋರಿಯ ನೀರನ್ನು ಯಾರದೋ ಹೊಲಕ್ಕೆ ಬಿಡದೆ, ಕಲ್ಲು ಹೊಂದಿಸಿದ ಕಾಲುವೆಯಿಂದ ಹಳ್ಳಕ್ಕೆ ಮುಟ್ಟಿಸುವಂತೆ ನೋಡಿಕೊಳ್ಳಬೇಕು.

6. ಪ್ರತಿವರ್ಷ ರೋಹಿಣಿ ಮಳೆಗಿಂತ ಮೊದಲು ಮೋರಿಗಳಲ್ಲಿಯ ಹೂಳನ್ನು ತೆಗೆಯಿಸಬೇಕು.

ಈ ಕೆಲಸ ಒಬ್ಬನಿಂದ ಆಗುವಂಥದಲ್ಲ. ಮೇಲಿನ ಹೊಲದವನಿಗೆ ನೀರು ಬೇಗ ಹೋಗಬೇಕು, ಕೆಳಗಿನವನಿಗೆ ಅದು ಬರಲೇಬಾರದು. ಇಬ್ಬರೂ ಬೇರೆ ಬೇರೆ ಅರ್ಜಿ ಕೊಟ್ಟರೆ ಇಬ್ಬರದೂ ಕೆಡುವದು. ಆದಕಾರಣ ಊರಿನ ಪ್ರಮುಖರು ಇಬ್ಬರನ್ನೂ ಕೂಡ್ರಿಸಿ ನೀರಿಗೆ ಒಂದೇ ದಾರಿಯನ್ನು ಒಪ್ಪಿಸಿ, ಊರೆಲ್ಲ ಸಹಿ ಮಾಡಿದ ಒಂದೇ ಅರ್ಜಿಯನ್ನು ಕಳಿಸತಕ್ಕದ್ದು. ಕೋಟೆ ಸೂರೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿ ಪ್ರಯೋಜನವಿಲ್ಲ. ರಸ್ತೆಯ ಗುರುತಿನ ಕಲ್ಲು ಊರ ಸೀಮೆಯಲ್ಲಿ ನಟ್ಟ ದಿವಸವೇ ನಕ್ಷೆಯ ಕೆಲಸಕ್ಕೆ ತೊಡಗುವದು ಲೇಸು.