ಲೆಕ್ಕದ ಪೆಟ್ಟಿಗೆಗೆ ಎಂಥಾ ಕೀಲಿ?



1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದಾಗ ಲೆಕ್ಕವೆಲ್ಲ ಕಿರ್ದಿ-ಖಾತೆ ಪುಸ್ತಕದಲ್ಲಿತ್ತು. 2022ರಲ್ಲಿ ಕೇಂದ್ರ ಸರ್ಕಾರವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣ ಯೋಜನೆಗೆ ಒಪ್ಪಿಗೆ ನೀಡಿತು. ಗಣಕಯಂತ್ರ ಬಂದಲ್ಲಿ ಶೇರು, ಠೇವಣಿ, ಸಾಲ ಬೇರೆ ಬೇರೆ ಕೋಷ್ಟಕಗಳಲ್ಲಿರುತ್ತವೆ. ಸದಸ್ಯ ಸಂಖ್ಯೆ ಅವನ್ನು ಜೋಡಿಸುತ್ತದೆ. ಇದೇ ಸಂಬಂಧಾತ್ಮಕ ಡೇಟಾಬೇಸ್. 1970ರಲ್ಲಿ ಕಾಡ್ ಎಂಬ ವಿಜ್ಞಾನಿ ತೋರಿದ ದಾರಿ.

ಆ ಕೋಷ್ಟಕಗಳನ್ನು ಪರದೆಯ ಮೇಲೆ ತೆರೆಯುವ ಸಲಕರಣೆಗಳು ಹಲವು. ಪೋಸ್ಟ್‌ಗ್ರೆಸ್ ಇದ್ದರೆ ಪಿಜಿಅಡ್ಮಿನ್, ಮೈಎಸ್‌ಕ್ಯೂಎಲ್ ಇದ್ದರೆ ವರ್ಕ್‌ಬೆಂಚ್ ಇಲ್ಲವೆ ಬ್ರೌಸರಿನಲ್ಲಿ ನಡೆಯುವ ಪಿಎಚ್‌ಪಿಮೈಅಡ್ಮಿನ್. ಎರಡೂ ಇದ್ದಲ್ಲಿ ಡಿಬೀವರ್. ರೊಕ್ಕ ಕೊಡದೆ ಸಿಗುವಂಥವು.

ಆದ್ರ ಬರೇ ಚೆಂದ ನೋಡಿ ಆರಿಸಬ್ಯಾಡ್ರಿ. ಕಬ್ಬಿನ ಬಿಲ್ಲು ಜಮಾ ಆಗುವ ದಿನ ಯಾವ ಸಾಲು ಅಂತ ಹೇಳದೆ ‘ಅಳಿಸು’ ಅಂದರ ಇಡೀ ಕೋಷ್ಟಕವೇ ಬರಿದಾದೀತು. ವರ್ಕ್‌ಬೆಂಚ್‌ನಲ್ಲಿ ಇಂಥದ್ದನ್ನು ತಡೆಯುವ ಏರ್ಪಾಡಿದೆ, ಅದನ್ನು ತೆಗೆದುಹಾಕಬಾರದು. ಕನ್ನಡದ ಹೆಸರು ಸರಿಯಾಗಿ ಕಾಣುವುದೋ, ಪ್ರತಿ ತೆಗೆದಿಟ್ಟು ಮತ್ತೆ ತುಂಬಲು ಬರುವುದೋ ಮೊದಲೇ ನೋಡಬೇಕು.

ನಿಜವಾದ ಕಾವಲು ಇರುವುದು ಡೇಟಾಬೇಸಿನೊಳಗೆ ಕೊಡುವ ಹಕ್ಕಿನಲ್ಲಿ. ಲೆಕ್ಕ ತಪಾಸಣೆಯವರಿಗೆ ಓದುವ ಹಕ್ಕಷ್ಟೇ ಸಾಕು. ಬಾಕಿ ತಿದ್ದುವುದಿದ್ದರೆ ವೋಚರಿನಿಂದಲೇ ಆಗಲಿ, ಕೋಷ್ಟಕಕ್ಕೆ ನೇರ ಕೈ ಹಾಕುವುದು ಬೇಡ. ಪಾಸ್‌ವರ್ಡ್ ತಿಜೋರಿ ಕೀಲಿ ಇದ್ದಂಗ. ಒಬ್ಬೊಬ್ಬರಿಗೆ ಬೇರೆ ಬೇರೆ ಇರಲಿ.

ಬೆವರು ಸುರಿಸಿದವರ ರೊಕ್ಕ ಇದು. ಸಂಘದ ಮೇಲಿನ ನಂಬಿಗೆಯನ್ನು ಎಲ್ಲರೂ ಕೂಡಿ ಕಾಯೋಣ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ!