ಹೆಸರೂ ಒಂದು ಆಸ್ತಿ: ಸ್ವಂತ ವ್ಯಾಪಾರ ಮಾಡುವ ನಮ್ಮ ಕುಟುಂಬಗಳಿಗೆ ಕೆಲವು ಮಾತು

(ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣ)



ಪ್ರತಿ ವರ್ಷ ಈ ಸಭೆಯಲ್ಲಿ ನಾವು ಶಿಕ್ಷಣದ ಬಗ್ಗೆ ಮಾತನಾಡುತ್ತೇವೆ. ಈ ಸಲ ವ್ಯಾಪಾರದ ಬಗ್ಗೆ ಮಾತನಾಡಬೇಕಾಗಿದೆ. ಅದಕ್ಕೆ ಕಾರಣ ನಮ್ಮಿಂದಲೇ ಆದ ಒಂದು ತಪ್ಪು.

ಹೊಸನಗರ ತಾಲ್ಲೂಕಿನ ಒಬ್ಬ ಸಹೋದರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಸ್ವಉದ್ಯೋಗದ ನೆರವಿನಲ್ಲಿ ನಾವು ಅವರಿಗೆ ಬಾಟಲಿ, ಭರಣಿ ಕೊಡಿಸಿದೆವು, ಲೇಬಲ್ ಅಚ್ಚು ಹಾಕಿಸಿಕೊಟ್ಟೆವು. ಹೆಸರನ್ನು ಅವರೇ ಇಟ್ಟುಕೊಂಡಿದ್ದರು. ಸಾಗರದ, ತೀರ್ಥಹಳ್ಳಿಯ ಅಂಗಡಿಗಳಲ್ಲಿ ಗಿರಾಕಿಗಳು ಆ ಹೆಸರು ಹೇಳಿ ಕೇಳುವಷ್ಟು ಬೆಳೆಯಿತು. ಕೆಲವು ವರ್ಷಗಳ ಮೇಲೆ ಬೇರೆ ಜಿಲ್ಲೆಯಿಂದ ವಕೀಲರ ನೋಟಿಸ್ ಬಂತು. ಅದೇ ಹೆಸರನ್ನು ಅಲ್ಲಿನ ಒಬ್ಬ ವ್ಯಾಪಾರಿ ಉಪ್ಪಿನಕಾಯಿಗೆಂದೇ ನೋಂದಣಿ ಮಾಡಿಸಿದ್ದರು. ಬಳಕೆ ನಿಲ್ಲಿಸಿ ಎಂದು ಬರೆದಿತ್ತು.

ಕಾಯ್ದೆ ನೋಡಿದರೆ ಆ ಸಹೋದರಿಗೆ ದಾರಿ ಇತ್ತು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಎದುರಿನವರ ಬಳಕೆಗೂ ನೋಂದಣಿಗೂ ಮುಂಚಿನಿಂದ ಒಂದು ಹೆಸರನ್ನು ಬಿಡದೆ ಬಳಸುತ್ತಾ ಬಂದವರನ್ನು ನೋಂದಣಿ ಮಾಡಿಸಿದವರು ತಡೆಯುವಂತಿಲ್ಲ. ಆದರೆ ಬಳಸುತ್ತಾ ಬಂದದ್ದಕ್ಕೆ ಪುರಾವೆ ಬೇಕು. ನಮ್ಮ ಸಹೋದರಿ ಬಿಲ್ ಬರೆದವರಲ್ಲ. ಅಂಗಡಿಯವರ ಲೆಕ್ಕ ಚೀಟಿಯಲ್ಲಿ "ಉಪ್ಪಿನಕಾಯಿ, ಇಷ್ಟು ಬಾಟಲಿ" ಎಂದಿತ್ತು, ಹೆಸರಿರಲಿಲ್ಲ. ಮೊದಲ ಲೇಬಲ್ ಅಚ್ಚು ಹಾಕಿಸಿದ ರಸೀದಿಯನ್ನು ನಾವೂ ಇಟ್ಟುಕೊಂಡಿರಲಿಲ್ಲ. ಕೋರ್ಟಿಗೆ ಅಲೆಯುವ ಶಕ್ತಿ ಅವರಿಗಿಲ್ಲ. ಉಳಿದ ಲೇಬಲ್‌ಗಳನ್ನು ಒಲೆಗೆ ಹಾಕಿ, ಬೇರೆ ಹೆಸರಿನಲ್ಲಿ ಮೊದಲಿಂದ ಶುರು ಮಾಡಿದರು. ಲೇಬಲ್ ಅಚ್ಚು ಹಾಕಿಸುವ ಮುನ್ನ "ಈ ಹೆಸರು ಬೇರೆಯವರ ಹತ್ತಿರ ಇದೆಯೇ?" ಎಂದು ಅರ್ಧ ಗಂಟೆ ಹುಡುಕಿದ್ದರೆ, ಮೊದಲ ವರ್ಷವೇ ಅರ್ಜಿ ಹಾಕಿದ್ದರೆ, ಇದು ಆಗುತ್ತಿರಲಿಲ್ಲ. ಝಕಾತ್, ಸದಕಾದ ಹಣವನ್ನು ಅಮಾನತ್ ಎಂದು ಕಾಯುವ ನಾವು, ಆ ಹಣದಿಂದ ಹುಟ್ಟಿದ ಹೆಸರನ್ನು ಕಾಯಲಿಲ್ಲ.

ಹಾಗಾದರೆ ಎಂಥ ಹೆಸರು ಇಡಬೇಕು? ವಸ್ತುವನ್ನೇ ವರ್ಣಿಸುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. "ಮಲೆನಾಡು ಜೇನು", "ಶುದ್ಧ ಅಪ್ಪೆಮಿಡಿ" ಎಂದರೆ ಅದು ಎಲ್ಲರ ಮಾತು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅದು ಈ ಸೀಮೆಯ ಬೆಳೆಗಾರರೆಲ್ಲರಿಗೂ ಸೇರಿದ ಗೌರವ, ಒಬ್ಬರ ಬ್ರ್ಯಾಂಡ್ ಆಗಲಾರದು.

ನಮ್ಮವರು ಪ್ರೀತಿಯಿಂದ ಇಡುವ ಮದೀನಾ, ಬಿಸ್ಮಿಲ್ಲಾ ಮುಂತಾದ ಹೆಸರುಗಳ ಬಗ್ಗೆಯೂ ಒಂದು ಮಾತು. ಊರಿಗೆ ನಾಲ್ಕು ಅಂಗಡಿಗಳಿಗೆ ಅದೇ ಹೆಸರಿದ್ದರೆ ಯಾವುದು ನಿಮ್ಮದು ಎಂದು ಗಿರಾಕಿಗೆ ತಿಳಿಯದು. ಊದುಬತ್ತಿಗೆ "ರಾಮಾಯಣ" ಎಂಬ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಧರ್ಮಗ್ರಂಥದ ಹೆಸರನ್ನು ಯಾರೊಬ್ಬರೂ ತಮ್ಮದೇ ಎಂದು ಕಟ್ಟಿಹಾಕುವಂತಿಲ್ಲ ಎಂದಿತು. ಕುರ್‌ಆನ್, ಬೈಬಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಪವಿತ್ರ ಹೆಸರುಗಳನ್ನು ಪವಿತ್ರವಾಗಿಯೇ ಬಿಟ್ಟು, ವ್ಯಾಪಾರಕ್ಕೆ ನಿಮ್ಮದೇ ಒಂದು ಹೊಸ ಹೆಸರು ಕಟ್ಟಿಕೊಳ್ಳಿ.

ಎಲ್ಲರೂ ಬಲ್ಲ ಹೆಸರು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ "ನಂದಿನಿ". ಹಾಲು ಮಹಾಮಂಡಳದವರು 1985ರಿಂದ ಆ ಹೆಸರು ಬಳಸುತ್ತಿದ್ದರು. ಬೆಂಗಳೂರಿನ ಒಂದು ಹೋಟೆಲ್ 1989ರಿಂದ "ನಂದಿನಿ ಡೀಲಕ್ಸ್" ಎಂದು ನಡೆಯುತ್ತಿತ್ತು. ಹೋಟೆಲಿನವರು ನೋಂದಣಿಗೆ ಹೋದಾಗ ಮಹಾಮಂಡಳ ಆಕ್ಷೇಪಿಸಿತು. 2007ರಲ್ಲಿ ರಿಜಿಸ್ಟ್ರಾರ್ ಕಚೇರಿ ಹೋಟೆಲಿನ ಪರ, 2011ರಲ್ಲಿ ಮೇಲ್ಮನವಿ ಮಂಡಳಿ ಮಹಾಮಂಡಳದ ಪರ, 2014ರಲ್ಲಿ ಹೈಕೋರ್ಟ್ ಸಹ ಮಹಾಮಂಡಳದ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ನಂದಿನಿ ಪುರಾಣದ ಹಸುವಿನ ಹೆಸರು, ಇಬ್ಬರ ಸರಕು ಬೇರೆ, ಚಿಹ್ನೆಯ ಚಿತ್ರವೂ ಬೇರೆ ಎಂದಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿಗೆ ನೋಂದಣಿ ಇಲ್ಲ ಎಂದಿತು. ಸುಪ್ರೀಂ ಕೋರ್ಟಿನವರೆಗೆ ಹೋಗುವ ಬಲ ಅವರಿಬ್ಬರಿಗೂ ಇತ್ತು. ನಮ್ಮ ಉಪ್ಪಿನಕಾಯಿ ಸಹೋದರಿಗೆ ಇರಲಿಲ್ಲ. ಬಡವರಿಗೆ ಜಗಳ ಗೆಲ್ಲುವುದಕ್ಕಿಂತ ಜಗಳವೇ ಬಾರದ ಹಾಗೆ ಹೆಸರು ಇಡುವುದು ಲೇಸು.

ಇನ್ನು ಕ್ರಮ. ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹೆಸರು ಹುಡುಕಲು ಹಣ ಕೊಡಬೇಕಿಲ್ಲ. ಕಾಗುಣಿತ ಬದಲಿಸಿ, ಉಚ್ಚಾರಣೆ ಹತ್ತಿರವಿರುವ ಹೆಸರುಗಳನ್ನೂ ಹುಡುಕಿ. ಸರಕುಗಳಿಗೆ ವರ್ಗಗಳಿವೆ: ಉಪ್ಪಿನಕಾಯಿ 29, ಮಸಾಲೆ ಪುಡಿ, ಕಾಫಿ ಪುಡಿ, ಬೇಕರಿ ತಿನಿಸು 30, ಸಿದ್ಧ ಉಡುಪು 25, ಅತ್ತರು 3, ಹೋಟೆಲ್ 43. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ದೊಡ್ಡ ಕಂಪನಿಗಳಿಗೆ 9,000. ಸಣ್ಣ ಉದ್ಯಮದ ಹೆಸರಿನಲ್ಲಿ ಹಾಕುವವರು ಉದ್ಯಮ್ ಪ್ರಮಾಣಪತ್ರ ಇಟ್ಟುಕೊಳ್ಳಿ. ಏಜೆಂಟರಿಗೆ ಕೊಡುವುದು ಬೇರೆ ಲೆಕ್ಕ, ಅದಕ್ಕೆ ರಸೀದಿ ಕೇಳಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಪರಿಶೀಲನಾ ವರದಿಯಲ್ಲಿ ಆಕ್ಷೇಪ ಬಂದರೆ 30 ದಿನದೊಳಗೆ ಉತ್ತರ ಕೊಡಬೇಕು. ಇದನ್ನು ಮರೆತು ಅರ್ಜಿ ಕಳೆದುಕೊಳ್ಳಬೇಡಿ. ಒಪ್ಪಿಗೆಯಾದ ಮೇಲೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಬಹುದು. ನೋಂದಣಿಯಾದರೆ ಅರ್ಜಿ ಹಾಕಿದ ದಿನದಿಂದ 10 ವರ್ಷ ಜಾರಿಯಲ್ಲಿರುತ್ತದೆ, ಆಮೇಲೆ ನವೀಕರಿಸಬೇಕು. ನೋಂದಣಿಗೆ ಮುನ್ನ ಲೇಬಲ್ ಮೇಲೆ ವೃತ್ತದೊಳಗಿನ "ಆರ್" ಚಿಹ್ನೆ ಹಾಕುವುದು ಕಾನೂನಿಗೆ ವಿರುದ್ಧ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬೇರೆಯವರ ಹೆಸರಾಂತ ಪೊಟ್ಟಣದ ಬಣ್ಣ, ಅಕ್ಷರ ನೋಡಿ ಹಾಗೆಯೇ ನಮ್ಮದನ್ನೂ ಮಾಡಿಸುವುದು ತೂಕದಲ್ಲಿ ಮೋಸ ಮಾಡಿದ ಹಾಗೆಯೇ. ಗಿರಾಕಿ ಒಂದನ್ನು ನಂಬಿ ಇನ್ನೊಂದನ್ನು ಕೊಳ್ಳುತ್ತಾನೆ. ಅಂಥ ಗಳಿಕೆಯಲ್ಲಿ ಬರಕತ್ ಇರುವುದಿಲ್ಲ.

ಟ್ರಸ್ಟ್ ಸಮಿತಿ ಈ ವರ್ಷದಿಂದ ಮೂರು ನಿರ್ಧಾರ ಮಾಡಿದೆ. ಸ್ವಉದ್ಯೋಗದ ನೆರವು ಪಡೆಯುವವರ ಹೆಸರನ್ನು ಹುಡುಕಿ ನೋಡದೆ ಲೇಬಲ್ ಅಚ್ಚಿಗೆ ಹಣ ಕೊಡುವುದಿಲ್ಲ. ಅರ್ಜಿ ಶುಲ್ಕ ಕಷ್ಟವಾದವರಿಗೆ ಬಡ್ಡಿಯಿಲ್ಲದ ಕರ್ಝೆ ಹಸನ ಕೊಡುತ್ತೇವೆ. ನೆರವಿನ ಜೊತೆ ಒಂದು ಬಿಲ್ ಪುಸ್ತಕವನ್ನೂ ಕೊಡುತ್ತೇವೆ. ಪ್ರತಿ ಬಿಲ್ಲಿನ ಮೇಲೆ ತಾರೀಖು ಮತ್ತು ನಿಮ್ಮ ಬ್ರ್ಯಾಂಡ್ ಹೆಸರು ಇರಲೇಬೇಕು.

ಕಾನೂನು, ವಾಣಿಜ್ಯ, ಕಂಪ್ಯೂಟರ್ ಓದುತ್ತಿರುವ ನಮ್ಮ ವಿದ್ಯಾರ್ಥಿವೇತನದ ಮಕ್ಕಳಲ್ಲಿ ಒಂದು ವಿನಂತಿ. ಮೂರೂ ತಾಲ್ಲೂಕುಗಳಲ್ಲಿ ತಿಂಗಳಿಗೆ ಒಂದು ಭಾನುವಾರ ಕೂತು, ಅರ್ಜಿ ತುಂಬಲು ಬಾರದ ತಾಯಂದಿರಿಗೆ ಹುಡುಕಿ ಕೊಡಿ, ಓದಿ ಹೇಳಿ. ಈ ಸೇವೆ ವಿದ್ಯಾರ್ಥಿವೇತನಕ್ಕೆ ಷರತ್ತಲ್ಲ. ಆದರೂ ನೀವು ಬರುತ್ತೀರೆಂಬ ನಂಬಿಕೆ ನಮಗಿದೆ.

ಆ ಸಹೋದರಿಯ ಹೊಸ ಹೆಸರಿಗೆ ಈಗ ಅರ್ಜಿ ಹಾಕಿದ್ದೇವೆ. ಪರಿಶೀಲನಾ ವರದಿ ಇನ್ನೂ ಬರಬೇಕು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಹೊಸ ಹೆಸರು ಕಲಿಯುತ್ತಿದ್ದಾರೆ. ಅವರ ರುಚಿ ಅವರ ಕೈಯಲ್ಲೇ ಇದೆ, ಅಲ್ಹಮ್ದುಲಿಲ್ಲಾಹ್. ನಿಮ್ಮೆಲ್ಲರ ದುಡಿಮೆಗೂ ಅಲ್ಲಾಹನು ಬರಕತ್ ಕೊಡಲಿ. ಆಮೀನ್.