ನಿಮ್ಮ ಓಟು ಜೋಯಿಡಾದ ಗುಡ್ಡ ಹತ್ತಲಿ

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿರುವ ಕನ್ನಡ ಯುವಕ ಯುವತಿಯರ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ಓಟು. ಗಾಬರಿಯಾಗಬೇಡಿ, ಯಾವ ಪಕ್ಷದ ಪರವಾಗಿಯೂ ನಾನು ಬಂದಿಲ್ಲ. ನಿಮ್ಮ ಫೋನಿಗೆ ಆಗಾಗ ಒಂದು ಸಂದೇಶ ಬರುತ್ತದಲ್ಲ: "ನಮ್ಮ ಸ್ವಯಂಸೇವಾ ಸಂಸ್ಥೆ ಬಡವರಿಗಾಗಿ ಹೊಸ ತಂತ್ರಜ್ಞಾನ ಮಾಡಿದೆ, ಸ್ಪರ್ಧೆಯ ಕೊನೆಯ ಸುತ್ತಿಗೆ ಬಂದಿದ್ದೇವೆ, ದಯವಿಟ್ಟು ಮತ ಹಾಕಿ." ಆ ಓಟಿನ ಮಾತು ಇದು. ನೀವು ಬಸ್ಸಿನಲ್ಲಿ ನಿಂತುಕೊಂಡೇ ಒತ್ತಿಬಿಡುತ್ತೀರಿ. ಕಳಿಸಿದವನು ಗೆಳೆಯ, ಫೋಟೋದಲ್ಲಿ ನಗುವ ಮಗು. ಅಷ್ಟು ಸಾಕು ನಿಮಗೆ.

ಆ ಒಂದು ಒತ್ತಿನ ಬೆಲೆ ಕೇಳಿ. 2013ರಲ್ಲಿ ಗೂಗಲ್ ಕಂಪನಿ ಭಾರತದ ಸ್ವಯಂಸೇವಾ ಸಂಸ್ಥೆಗಳಿಗೆಂದು ಇಂಪ್ಯಾಕ್ಟ್ ಚಾಲೆಂಜ್ ಎಂಬ ಸ್ಪರ್ಧೆ ನಡೆಸಿತು. ಹತ್ತು ಸಂಸ್ಥೆಗಳು ಕೊನೆಯ ಸುತ್ತಿಗೆ ಬಂದವು. ಗೆದ್ದ ನಾಲ್ಕಕ್ಕೆ ತಲಾ 3 ಕೋಟಿ ರೂಪಾಯಿ. ಮೂರನ್ನು ತೀರ್ಪುಗಾರರು ಆರಿಸಿದರು, ಒಂದನ್ನು ಜನರ ಮತಕ್ಕೆ ಬಿಟ್ಟರು. ಅಂದರೆ 3 ಕೋಟಿ ರೂಪಾಯಿಯ ಬೀಗದ ಕೈ ನಮ್ಮ ನಿಮ್ಮಂಥವರ ಬೆರಳಿನಲ್ಲಿತ್ತು! ಗೆದ್ದವರು ಅಗಸ್ತ್ಯ, ಡಿಜಿಟಲ್ ಗ್ರೀನ್, ಜನಾಗ್ರಹ, ಸಾನಾ. ಇವುಗಳಲ್ಲಿ ಮೂರಕ್ಕೆ ಬೆಂಗಳೂರಿನ ನಂಟಿದೆ. ಅವುಗಳಿಗೆ ಕನ್ನಡದ ನಂಟು ಎಷ್ಟಿದೆ ಎಂದು ಓಟು ಹಾಕುವಾಗ ನಮ್ಮಲ್ಲಿ ಎಷ್ಟು ಜನ ಕೇಳಿದೆವು?

ಇದನ್ನು ನಿಮ್ಮ ಮುಂದೆಯೇ ಹೇಳಲು ಕಾರಣವಿದೆ. ನಿಮ್ಮ ನಾಲ್ಕು ತಾಲೂಕುಗಳಿಗೆ ತಂತ್ರಜ್ಞಾನ ಹೊಸದಲ್ಲ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂತು. 1980ರ ದಶಕದಲ್ಲಿ ಕಾಳಿಗೆ ಅಡ್ಡಲಾಗಿ ಅಣೆಕಟ್ಟು ಎದ್ದು ಹಳೆಯ ಸೂಪಾ ಪೇಟೆ ನೀರೊಳಗೆ ಹೋಯಿತು. ಆ ನೀರಿನ ಕರೆಂಟು ನಾಡನ್ನೆಲ್ಲ ಬೆಳಗಿತು. ಜೋಯಿಡಾದ ಎಷ್ಟೋ ಕಾಡಿನ ಊರುಗಳು ಆಮೇಲೂ ಬಹುಕಾಲ ಚಿಮಣಿ ಬುಡ್ಡಿಯಲ್ಲೇ ಉಳಿದವು. ಆಗ ಯಾರಾದರೂ ಸೂಪಾದವರ ಹತ್ತಿರ ಬಂದು "ಇದು ನಿಮಗೆ ಬೇಕೇ, ಓಟು ಹಾಕಿ" ಅಂದಿದ್ದರೇ? ಇಲ್ಲ. ಈಗಲೂ ಓಟು ಕೇಳುವುದು ಅವರ ಹತ್ತಿರವಲ್ಲ, ನಿಮ್ಮ ಹತ್ತಿರ. ಯೋಜನೆ ಕುಣಬಿಗಳಿಗೆ, ಸಿದ್ದಿಗಳಿಗೆ, ಗೌಳಿಗಳಿಗೆ. ಮತ ಮಾತ್ರ ನೆಟ್‌ವರ್ಕ್ ಇದ್ದವರಿಗೆ!

ಹಾಗಾದರೆ ಯಾವುದಕ್ಕೆ ಹಾಕಬೇಕು? ನಾನು ಒಂದು ಆನೆಯ ಕಥೆ ಹೇಳುತ್ತೇನೆ.

ಹಳಿಯಾಳ, ಮುಂಡಗೋಡದವರಿಗೆ ಆನೆಯ ಬಗ್ಗೆ ನಾನು ಹೇಳಿಕೊಡಬೇಕಿಲ್ಲ. ಭತ್ತ ತೆನೆ ಕಟ್ಟಿದಾಗ, ಕಬ್ಬು ಎದ್ದು ನಿಂತಾಗ ದಾಂಡೇಲಿ ಕಾಡಿನಿಂದ ಹಿಂಡು ಇಳಿಯುತ್ತದೆ. ಇಂಥದ್ದೇ ತೊಂದರೆ ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲೂ ಇದೆ. ಅಲ್ಲಿ ಕತ್ತಲಲ್ಲಿ ಮನೆಗೆ ನಡೆದು ಹೋಗುವ ಕೂಲಿಯಾಳು ಆನೆಗೆ ಎದುರಾಗಿ ಸಾಯುತ್ತಿದ್ದ. ಮೈಸೂರಿನಲ್ಲಿ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಏನು ಮಾಡಿದರು? ಮೊದಲು ಊರಿನ ಕೇಬಲ್ ಟೀವಿಯಲ್ಲಿ ಇವತ್ತು ಆನೆ ಎಲ್ಲಿದೆ ಎಂದು ಸಾಲು ಓಡಿಸಿದರು. ಆಮೇಲೆ ಆ ಜಾಗದ ಸುತ್ತಲಿನವರ ಫೋನಿಗೆ ತಮಿಳಿನಲ್ಲಿ ಸಂದೇಶ. ಓದಲು ಬಾರದವರಿಗೆ ಧ್ವನಿಯ ಕರೆ. ಅದೂ ಸಾಲದೆಂದು ದಾರಿಯ ಎತ್ತರದ ಜಾಗಗಳಲ್ಲಿ ಕೆಂಪು ದೀಪ ನಿಲ್ಲಿಸಿದರು. ಆನೆ ಹತ್ತಿರವಿದ್ದರೆ ಊರಿನವನೇ ಒಬ್ಬ ತನ್ನ ಮೊಬೈಲಿನಿಂದ ಆ ದೀಪ ಹೊತ್ತಿಸುತ್ತಾನೆ. ದೂರದಿಂದ ಕೆಂಪು ಕಂಡರೆ ಜನ ಹೆಜ್ಜೆ ತಡೆಯುತ್ತಾರೆ. ಆ ಕೆಲಸ ಮುನ್ನಡೆಸಿದ ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲೀ ಪ್ರಶಸ್ತಿ ಬಂತು.

ಗಮನಿಸಿ, ಇದರಲ್ಲಿ ಬೆರಗು ಹುಟ್ಟಿಸುವ ಯಂತ್ರ ಏನಿದೆ? ದೀಪ, ಸಿಮ್ ಕಾರ್ಡು, ತಾಯಿನುಡಿ. ಸ್ಪರ್ಧೆಯ ಎರಡು ನಿಮಿಷದ ವಿಡಿಯೋದಲ್ಲಿ ಇದು ಸಪ್ಪೆಯಾಗಿ ಕಾಣುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಡ್ರೋನ್ ಹಾರಿಸಿ, ಕೃತಕ ಬುದ್ಧಿಮತ್ತೆ ಎಂದು ಹೇಳಿ, ಇಂಗ್ಲಿಷಿನಲ್ಲಿ ಹಿನ್ನೆಲೆ ಸಂಗೀತ ಹಾಕಿದರೆ ನಿಮ್ಮ ಬೆರಳು ಎತ್ತ ಹೋಗುತ್ತದೆ? ಎದೆ ಮುಟ್ಟಿಕೊಂಡು ಹೇಳಿ. ಆ ಡ್ರೋನಿನ ಎಚ್ಚರಿಕೆ ಸ್ಮಾರ್ಟ್ ಫೋನಿಗೆ ಮಾತ್ರ ಬರುವುದಾದರೆ, ಅದೂ ನೆಟ್‌ವರ್ಕ್ ಇದ್ದಾಗ, ಅದೂ ಇಂಗ್ಲಿಷಿನಲ್ಲಿ, ಮುಂಡಗೋಡದ ಗದ್ದೆ ಕಾಯುವ ಮುದುಕ ಅದನ್ನು ಎಲ್ಲಿ ಓದಬೇಕು?

ಹಾಗಾಗಿ ನನ್ನ ಮೊದಲ ಪ್ರಶ್ನೆ ಭಾಷೆಯದು. ಕನ್ನಡದಲ್ಲಿದೆ ಎಂದರೆ ಮೊದಲ ಪುಟದಲ್ಲಿ "ಸುಸ್ವಾಗತ" ಬರೆದು ಒಳಗೆಲ್ಲ ಇಂಗ್ಲಿಷ್ ತುಂಬುವುದಲ್ಲ. ಅರ್ಜಿ ಕನ್ನಡದಲ್ಲಿ, ತಪ್ಪಾದಾಗ ಬರುವ ಸೂಚನೆ ಕನ್ನಡದಲ್ಲಿ, ಕಷ್ಟ ಬಂದಾಗ ಫೋನ್ ಎತ್ತುವ ಮನುಷ್ಯನೂ ಕನ್ನಡದಲ್ಲಿ ಮಾತಾಡಬೇಕು. ಓಟು ಕೇಳುವವರಿಗೆ ಮರುಸಂದೇಶ ಕಳಿಸಿ ಇಷ್ಟು ಕೇಳಿ. ಉತ್ತರ ಇಂಗ್ಲಿಷಿನಲ್ಲೇ ಬಂದರೆ ಅದೇ ಉತ್ತರ.

ಇಲ್ಲಿ ಇನ್ನೊಂದು ಮಾತು. ಜೋಯಿಡಾದ ಕುಣಬಿ ಅಜ್ಜಿಯ ಮನೆಮಾತು ಕೊಂಕಣಿ. ಸಿದ್ದಿಗಳ ಮನೆಯಲ್ಲಿ ಅವರದೇ ಕೊಂಕಣಿ, ಗೌಳಿವಾಡದಲ್ಲಿ ಅವರದೇ ಮರಾಠಿ. 1966ರಿಂದ ಮುಂಡಗೋಡದಲ್ಲಿ ನೆಲೆಸಿದ ಟಿಬೆಟನ್ನರದು ಟಿಬೆಟಿ. ಕನ್ನಡದ ವೇದಿಕೆಯಲ್ಲಿ ಇವನ್ಯಾಕೆ ಕೊಂಕಣಿ ಎತ್ತುತ್ತಾನೆ ಎಂದು ಹುಬ್ಬೇರಿಸಬೇಡಿ. ದೆಹಲಿಯವನು ನಮ್ಮ ಮೇಲೆ ಹಿಂದಿ ಹೇರಿದರೆ ನಾವು ಬೀದಿಗಿಳಿಯುತ್ತೇವೆ. ಅದೇ ನ್ಯಾಯ ನಮ್ಮ ಅಜ್ಜಿಗೂ ಸಲ್ಲಬೇಕು. ಬರಹ ಕನ್ನಡದಲ್ಲಿರಲಿ, ಅದರ ಜೊತೆ ಅವಳ ನುಡಿಯ ದನಿಯೂ ಇರಲಿ. ಅಂಥ ಯೋಜನೆ ಕಂಡರೆ ಎರಡು ಓಟು ಹಾಕುವ ಅವಕಾಶವಿದ್ದರೆ ಎರಡೂ ಹಾಕಿ!

ಇದು ಆಗದ ಮಾತಲ್ಲ. 2010ರಲ್ಲಿ ಶುರುವಾದ ಸಿಜಿನೆಟ್ ಸ್ವರ ಛತ್ತೀಸಗಢದ ಕಾಡಿನಲ್ಲಿ ಮಾಡಿ ತೋರಿಸಿತು. ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಯಂತ್ರವೇ ವಾಪಸು ಕರೆಯುತ್ತದೆ. ಒಂದು ಗುಂಡಿ ಒತ್ತಿ ನಿಮ್ಮ ಊರಿನ ಅಹವಾಲು ಹೇಳಬಹುದು, ಇನ್ನೊಂದು ಒತ್ತಿ ಬೇರೆಯವರದು ಕೇಳಬಹುದು. ಗೊಂಡಿ ಭಾಷೆಯಲ್ಲೂ ಮಾತಾಡಬಹುದು. ಅಗ್ಗದ ಬಟನ್ ಫೋನ್ ಸಾಕು. ಇದರ ಮೊದಲ ತಾಂತ್ರಿಕ ಕೆಲಸದಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದವರ ಕೈಯೂ ಇತ್ತು. 2014ರಲ್ಲಿ ಲಂಡನ್ನಿನ ಇಂಡೆಕ್ಸ್ ಆನ್ ಸೆನ್ಸರ್‌ಶಿಪ್ ಸಂಸ್ಥೆಯ ಡಿಜಿಟಲ್ ಪ್ರಶಸ್ತಿಗೆ ಸಾರ್ವಜನಿಕ ಮತ ನಡೆದಾಗ ಕಣದಲ್ಲಿದ್ದವರು ಯಾರು ಗೊತ್ತೇ? ಎಡ್ವರ್ಡ್ ಸ್ನೋಡೆನ್! ಗೆದ್ದವರು ಸಿಜಿನೆಟ್ ಸ್ವರದ ಶುಭ್ರಾಂಶು ಚೌಧರಿ. ಸರಿಯಾದ ಕಡೆಗೆ ಬಿದ್ದ ಓಟು ಎಂದರೆ ಅದು.

ಓಟು ಯಾವಾಗಲೂ ಹೀಗೇ ಬೀಳುವುದಿಲ್ಲ. 2010ರಲ್ಲಿ ಪೆಪ್ಸಿ ಕಂಪನಿ ಅಮೆರಿಕದಲ್ಲಿ ಸಮಾಜಸೇವೆಯ ಯೋಜನೆಗಳಿಗೆ 2 ಕೋಟಿ ಡಾಲರ್ ಹಂಚಲು ಜನರ ಮತ ಕೇಳಿತು. ಓಟು ಕೊಡಿಸುವ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ ಎಂಬ ದೂರು ಎದ್ದಿತು. ಕಂಪನಿಗೆ ಪ್ರಚಾರ, ದೊಡ್ಡ ಬಳಗವಿದ್ದವನಿಗೆ ದುಡ್ಡು. ನಮ್ಮ ಪಂಚಾಯ್ತಿ ಚುನಾವಣೆ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ ಬಿಡಿ. ಕನ್ನಡಿಗನ ಸಂಸ್ಥೆ ಎಂಬ ಒಂದೇ ಕಾರಣಕ್ಕೆ ನಾವು ಓಟು ಒಗ್ಗೂಡಿಸಿದರೆ ನಾವೂ ಅದೇ ದಲ್ಲಾಳಿಗಳು. ಅರಿಶಿನ ಕುಂಕುಮದ ಬಾವುಟದ ಬಣ್ಣ ಬಳಿದ ಕೆಟ್ಟ ಆ್ಯಪ್ ಕೆಟ್ಟ ಆ್ಯಪೇ.

ಎರಡನೆಯದಾಗಿ ಕೇಳಬೇಕಾದದ್ದು: ಸ್ಪರ್ಧೆಯ ದುಡ್ಡು ಮುಗಿದ ಮೇಲೆ ಏನು ಉಳಿಯುತ್ತದೆ? 2013ರ ಆ ಹತ್ತರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಕೂಡ ಇತ್ತು. ಗೆದ್ದ ನಾಲ್ಕರಲ್ಲಿ ಅದರ ಹೆಸರು ಬರಲಿಲ್ಲ. ಆದರೂ ಗೂಗಲ್ಲಿನ ನೆರವಿನಿಂದಲೇ 2015ರ ಸೆಪ್ಟೆಂಬರ್ 8ರಂದು, ವಿಶ್ವ ಸಾಕ್ಷರತಾ ದಿನ, ಅವರ ಸ್ಟೋರಿವೀವರ್ ಹುಟ್ಟಿತು. ಮಕ್ಕಳ ಕಥೆಗಳು, ಚಿತ್ರಗಳ ಸಮೇತ. ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಿಸಬಹುದು, ಮೂಲದ ಹೆಸರು ಹೇಳಿದರಾಯಿತು. ಕನ್ನಡದಲ್ಲೂ ಕಥೆಗಳಿವೆ. ನಾಳೆ ಆ ಸಂಸ್ಥೆಗೆ ಏನೇ ಆದರೂ ಕಥೆಗಳನ್ನು ಯಾರೂ ಬೀಗ ಹಾಕಿ ಒಯ್ಯಲಾರರು. ಹಳಿಯಾಳದ ಶಾಲಾ ಮಾಸ್ತರು ನಾಲ್ಕು ಪ್ರತಿ ಜೆರಾಕ್ಸ್ ಮಾಡಿ ಮಕ್ಕಳ ಕೈಗಿಡಬಹುದು, ಯಾರ ಅಪ್ಪಣೆಯೂ ಬೇಡ. ನಮ್ಮ ಊರಿನವರಿಂದ ಪದ, ದನಿ, ಹೊಲದ ಲೆಕ್ಕ ಎಲ್ಲ ಸಂಗ್ರಹಿಸಿ ತನ್ನ ಸರ್ವರಿನಲ್ಲಿ ಬಚ್ಚಿಡುವ ಸಂಸ್ಥೆಗೆ ನನ್ನ ಓಟಿಲ್ಲ, ಅದು ಎಷ್ಟೇ ದೊಡ್ಡ ಹೆಸರಾಗಿರಲಿ.

ಡಿಜಿಟಲ್ ಗ್ರೀನ್ ಬಗ್ಗೆ ಎರಡೇ ಮಾತು, ಏಕೆಂದರೆ ಅದು ಜೋಯಿಡಾಕ್ಕೆ ಒಗ್ಗುವಂಥದ್ದು. ಊರಿನ ರೈತನದೇ ವಿಡಿಯೋ ಮಾಡಿ, ಬ್ಯಾಟರಿಯ ಪುಟ್ಟ ಪ್ರೊಜೆಕ್ಟರಿನಲ್ಲಿ ಅಕ್ಕಪಕ್ಕದ ಊರಿನವರಿಗೆ ತೋರಿಸಿ, ನಡುನಡುವೆ ನಿಲ್ಲಿಸಿ ಚರ್ಚೆ ಮಾಡಿಸುತ್ತಿದ್ದರು. ನೋಡಿದವರು ಮೊದಲು ಕೇಳುತ್ತಿದ್ದದ್ದು ಗೊಬ್ಬರದ ಲೆಕ್ಕವಲ್ಲ, "ಅವನ ಹೆಸರೇನು, ಯಾವ ಊರು?" ಗಡ್ಡೆಗೆಣಸು ಬೆಳೆಯುವ ಕುಣಬಿಗೆ ಪಂಜಾಬಿನ ಟ್ರಾಕ್ಟರ್ ರೈತನ ಚಿತ್ರ ತೋರಿಸಿದರೆ ಆತ ಎದ್ದು ಹೋಗುತ್ತಾನೆ, ಸರಿಯಾಗಿಯೇ ಎದ್ದು ಹೋಗುತ್ತಾನೆ.

ನನ್ನ ಮನಸ್ಸಿನಲ್ಲಿ ಒಂದು ಯೋಜನೆಯಿದೆ, ನಿಮ್ಮಲ್ಲಿ ಕೋಡ್ ಬರೆಯುವವರು ಕಿವಿಗೊಡಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದಕ್ಕೆ ಸಾಕ್ಷಿ ಕೊಡಬೇಕು. ಸಿದ್ದಿಗಳು 2003ರಲ್ಲಿ ಆ ಪಟ್ಟಿಗೆ ಸೇರಿದರು. ಕುಣಬಿಗಳು ವರ್ಷಗಟ್ಟಲೆಯಿಂದ ಕೇಳುತ್ತಲೇ ಬಂದಿದ್ದಾರೆ. ಅಜ್ಜನ ಕಾಲದ ಕಾಗದ ಎಲ್ಲಿ ಸಿಗುತ್ತದೆ, ಅರ್ಜಿ ಯಾವ ಸಮಿತಿಯ ಮೇಜಿನ ಮೇಲಿದೆ, ಯಾಕೆ ತಿರಸ್ಕೃತವಾಯಿತು, ಇಷ್ಟನ್ನು ಬಟನ್ ಫೋನಿನಲ್ಲಿ ಕನ್ನಡದಲ್ಲೂ ಕೊಂಕಣಿಯಲ್ಲೂ ಹೇಳುವ ಸಾಧನವನ್ನು ನಿಮ್ಮಲ್ಲಿ ಯಾರಾದರೂ ಮಾಡಿ ಸ್ಪರ್ಧೆಗೆ ನಿಲ್ಲಿಸಿ. ಆಗ ಓಟಿಗೆ ನಾನೇ ಮನೆಮನೆ ಅಲೆಯುತ್ತೇನೆ.

ಅಲ್ಲಿಯವರೆಗೆ ಒಂದು ಕೆಲಸ. ಮುಂದಿನ ಸಲ ಓಟಿನ ಸಂದೇಶ ಬಂದಾಗ ಒತ್ತಬೇಡಿ, ಊರಿಗೆ ಫೋನ್ ಮಾಡಿ. ಅಪ್ಪನಿಗೋ, ಚಿಕ್ಕಮ್ಮನಿಗೋ, ಶಾಲೆಯ ಮಾಸ್ತರರಿಗೋ ಆ ಯೋಜನೆಯನ್ನು ಮನೆಮಾತಿನಲ್ಲಿ ವಿವರಿಸಿ, "ಇದು ನಮ್ಮಲ್ಲಿ ನಡೆಯುತ್ತದೆಯೇ?" ಎಂದು ಕೇಳಿ. ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಎಲ್ಲರದ್ದನ್ನೂ ಇಲ್ಲೇ ಗಟ್ಟಿಯಾಗಿ ಓದೋಣ, ಜಗಳವಾಡೋಣ, ಆಮೇಲೆ ಮತ ಹಾಕೋಣ. ಈಗ ಪ್ರಶ್ನೆಗಳಿದ್ದರೆ ಕೇಳಿ, ಹಿಂದಿನ ಸಾಲಿನ ಹಳಿಯಾಳದ ತಂಗಿ ಆಗಿನಿಂದ ಕೈ ಎತ್ತಿದ್ದಾಳೆ.